ಕಲೆಗೊಂದು ಕಾರಣ ಬೇಕು

ಯುದ್ಧವಿಮಾನಗಳ ಪುಟ್ಟ ಮಾದರಿ ತಯಾರಿಸುವುದೆಂದರೆ ಮಕ್ಕಳಾಟವೆಂದು ನಮ್ಮಲ್ಲಿ ಅನೇಕರ ಎಣಿಕೆ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಮೇಲೊಂದಿಷ್ಟು ಬಣ್ಣ ಬಳಿದು, ಗಾಜಿನ ಕಪಾಟಿನಲ್ಲಿ ಇಟ್ಟುಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಈ ಹವ್ಯಾಸದಲ್ಲಿ ಕೈ ಪಳಗಿದವರ ಮಾತು ಬೇರೆ. ಅಂಟಿಸುವುದು ಅರ್ಧ ಕೆಲಸವೂ ಅಲ್ಲ. ಬಣ್ಣ ಹಚ್ಚುವುದು ಅದಕ್ಕಿಂತ ದೊಡ್ಡ ಕೆಲಸ. ಹಚ್ಚಿದ ಬಣ್ಣವನ್ನು ಬಿಸಿಲು, ಮಳೆ, ಎಣ್ಣೆ, ಹೊಗೆ ತಿಂದಂತೆ ಹಳತು ಮಾಡುವುದು ಎಲ್ಲಕ್ಕಿಂತ ಕಠಿಣವಾದದ್ದು. ಇದಕ್ಕೆ ಇಂಗ್ಲಿಷಿನಲ್ಲಿ ‘ವೆದರಿಂಗ್’ ಎನ್ನುತ್ತಾರೆ.

ನಮ್ಮ ಭಾಷೆಯಲ್ಲಿ ‘ಕಲೆ’ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥ. ಕುಶಲ ವಿದ್ಯೆಯೂ ಕಲೆ, ಬಟ್ಟೆಗೆ ಅಂಟಿದ ಕೊಳೆಯ ಗುರುತೂ ಕಲೆ. ಈ ಹವ್ಯಾಸದಲ್ಲಿ ಎರಡು ಅರ್ಥಗಳೂ ಒಂದಾಗುತ್ತವೆ. ಆದರೆ ಒಂದು ನಿಯಮವಿದೆ: ವಿಮಾನದ ಮೈಮೇಲೆ ಹಾಕುವ ಪ್ರತಿಯೊಂದು ಕಲೆಗೂ ಒಂದು ಕಾರಣ ಇರಬೇಕು. ಕಾರಣ ಹೇಳಲಾಗದ ಕಲೆ ಬರೇ ಕೊಳೆ.

ಈ ಮಾತನ್ನು ಸ್ಪಷ್ಟಪಡಿಸಲು ಒಂದು ನಿಜವಾದ ವಿಮಾನವನ್ನೇ ತೆಗೆದುಕೊಳ್ಳೋಣ. 1944ರಲ್ಲಿ ಮಣಿಪುರದ ಇಂಫಾಲದಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ ಹಾಕರ್ ಹರಿಕೇನ್ ವಿಮಾನವದು. ಬ್ರಿಟನ್ನಿನ ಸಿಡ್ನಿ ಕ್ಯಾಮ್ ಎಂಬವರು ರೂಪಿಸಿದ ಈ ವಿಮಾನ ಮೊದಲ ಬಾರಿ ಹಾರಿದ್ದು 1935ರ ನವೆಂಬರ್ 6ರಂದು. ಒಟ್ಟು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹರಿಕೇನ್‌ಗಳು ತಯಾರಾದವು. 1944ರ ಮಾರ್ಚ್‌ನಲ್ಲಿ ಜಪಾನಿನ ಸೈನ್ಯ ಬರ್ಮಾ ಗಡಿಯನ್ನು ದಾಟಿ ಇಂಫಾಲವನ್ನು ಸುತ್ತುವರಿದಾಗ, ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್ ಅವರ ನೇತೃತ್ವದ ನಂಬರ್ 1 ಸ್ಕ್ವಾಡ್ರನ್ ಇದೇ ವಿಮಾನಗಳಲ್ಲಿ ಗುಡ್ಡಕಾಡುಗಳ ಮೇಲೆ ಹಾರಿ ಶತ್ರುವಿನ ನೆಲೆಗಳನ್ನು ಹುಡುಕುತ್ತಿತ್ತು. ಅದೇ ವರ್ಷ ಜೂನ್‌ನಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ ಅವರು ಇಂಫಾಲಕ್ಕೇ ಬಂದು ಅರ್ಜನ್ ಸಿಂಗ್ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ತೊಡಿಸಿದರು. ಮುಂದೆ ‘ಮಾರ್ಷಲ್ ಆಫ್ ದಿ ಏರ್‌ಫೋರ್ಸ್’ ಎಂಬ ಗೌರವಕ್ಕೆ ಪಾತ್ರರಾಗಿ, 2017ರಲ್ಲಿ ತೀರಿಕೊಂಡ ಅರ್ಜನ್ ಸಿಂಗ್ ಅವರೇ ಇವರು.

ಅಳತೆಯ ಲೆಕ್ಕ

ಮಾದರಿ ವಿಮಾನಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಅಳತೆಗಳು ಎರಡು: 72ರಲ್ಲಿ ಒಂದು ಪಾಲು ಮತ್ತು 48ರಲ್ಲಿ ಒಂದು ಪಾಲು. 72ರ ಅಳತೆ ಎಂದರೆ ನಿಜವಾದ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲ. ಹರಿಕೇನ್‌ನ ರೆಕ್ಕೆಗಳ ತುದಿಯಿಂದ ತುದಿಗೆ 40 ಅಡಿ. ಆದುದರಿಂದ ಮಾದರಿಯಲ್ಲಿ ಅದು ಸುಮಾರು 17 ಸೆಂಟಿಮೀಟರ್. ಅಂಗೈ ಮೇಲೆ ಕುಳ್ಳಿರಿಸಬಹುದಾದ ವಸ್ತು. ಬ್ರಿಟನ್ನಿನ ಏರ್‌ಫಿಕ್ಸ್, ಪೋಲೆಂಡಿನ ಆರ್ಮಾ ಹಾಬಿ ಮುಂತಾದ ಕಂಪನಿಗಳು ಈ ಅಳತೆಯ ಹರಿಕೇನ್‌ಗಳನ್ನು ತಯಾರಿಸಿವೆ.

ಈ ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ ಮುಂದೆ ಎಲ್ಲವೂ ತಪ್ಪುತ್ತದೆ. ಮಾದರಿಯ ಮೇಲೆ ಬಣ್ಣ ಕಿತ್ತ ಗುರುತೆಂದು 7 ಮಿಲಿಮೀಟರ್ ಅಗಲದ ಬೆಳ್ಳಿಬಣ್ಣದ ಚುಕ್ಕೆ ಇಟ್ಟರೆ, ನಿಜವಾದ ವಿಮಾನದಲ್ಲಿ ಅದು ಅರ್ಧ ಮೀಟರಿನ ಹಪ್ಪಳೆಯಾಯಿತು! ಸೂಜಿಮೊನೆಯಷ್ಟು ಚುಕ್ಕೆಯೇ ಸಾಕು. ಬಣ್ಣದ ಗಾಢತೆಗೂ ಇದೇ ಲೆಕ್ಕ. ಒಂದು ಅಡಿ ದೂರದಿಂದ ಮಾದರಿಯನ್ನು ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. ದೂರದ ಗುಡ್ಡದ ಹಸಿರು ನಮ್ಮ ಕಣ್ಣಿಗೆ ಮಸುಕಾಗಿ ಕಾಣುವುದು ಎಲ್ಲರಿಗೂ ತಿಳಿದದ್ದೇ. ಅದೇ ಕಾರಣದಿಂದ ಡಬ್ಬಿಯಲ್ಲಿರುವ ಬಣ್ಣಕ್ಕೆ ಒಂದೆರಡು ಹನಿ ಬಿಳಿ ಅಥವಾ ತಿಳಿಬೂದು ಬೆರೆಸಿ ಬಳಸಿದರೆ ಪುಟ್ಟ ವಿಮಾನವೂ ದೊಡ್ಡದಾಗಿ ಕಾಣುತ್ತದೆ.

ಪದರದ ಮೇಲೆ ಪದರ

ತೆಂಕುತಿಟ್ಟಿನ ಬಣ್ಣದ ವೇಷಧಾರಿ ಚೌಕಿಯಲ್ಲಿ ಕುಳಿತು ಚುಟ್ಟಿ ಇಡುವುದನ್ನು ಕಂಡವರಿಗೆ ಈ ಕೆಲಸದ ತಾಳ್ಮೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಒಂದು ಪದರ ಒಣಗದೆ ಇನ್ನೊಂದನ್ನು ಹಾಕುವಂತಿಲ್ಲ. ಅವಸರ ಮಾಡಿದರೆ ಮೊದಲಿನದೂ ಕೆಡುತ್ತದೆ.

ಮೊದಲಿಗೆ ಅಂಟಿಸಿದ ಮಾದರಿಯನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಬೇಕು. ಬೆರಳಿನ ಜಿಡ್ಡು ಉಳಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಅನಂತರ ಬೂದುಬಣ್ಣದ ಪ್ರೈಮರ್. ಕೀಲುಗಳಲ್ಲಿ ಉಳಿದ ಸಂದು, ಉಬ್ಬು ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ಅವನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ ಸರಿಪಡಿಸಬಹುದು. ಮೇಲುಬಣ್ಣಕ್ಕೆ ಏರ್‌ಬ್ರಷ್ ಇದ್ದರೆ ಉತ್ತಮ. ಬಣ್ಣವನ್ನು ಹಾಲಿನಷ್ಟು ತೆಳುಮಾಡಿ, ಗಾಳಿಯ ಒತ್ತಡವನ್ನು 15ರಿಂದ 20 ಪಿ.ಎಸ್.ಐ.ಗೆ ಇಟ್ಟು, ಎರಡು ಮೂರು ತೆಳು ಪದರಗಳಾಗಿ ಸಿಂಪಡಿಸಬೇಕು. ಏರ್‌ಬ್ರಷ್ ಇಲ್ಲದವರು ಚಪ್ಪಟೆ ಕುಂಚದಿಂದಲೂ ಚೆನ್ನಾಗಿ ಬಳಿಯಬಹುದು. ಒಂದು ಪದರವನ್ನು ಅಡ್ಡಕ್ಕೆ, ಮುಂದಿನದನ್ನು ಉದ್ದಕ್ಕೆ ಎಳೆದರೆ ಕುಂಚದ ಗೆರೆ ಉಳಿಯುವುದಿಲ್ಲ.

ಬರ್ಮಾ ರಣರಂಗದ ಹರಿಕೇನ್‌ನ ಬೆನ್ನಿಗೆ ಕಡುಹಸಿರು ಮತ್ತು ಮಣ್ಣಿನ ಕಂದು ಬಣ್ಣಗಳ ಅಲೆಯಲೆಯಾದ ಪಟ್ಟೆಗಳು. ಮೇಲಿನಿಂದ ನೋಡುವವನಿಗೆ ವಿಮಾನ ಕಾಡಿನೊಂದಿಗೆ ಬೆರೆತುಹೋಗಬೇಕೆಂಬುದು ಇದರ ಉದ್ದೇಶ. ಕೆಳಮೈಗೆ ಆಕಾಶದೊಂದಿಗೆ ಬೆರೆಯುವ ತಿಳಿಬಣ್ಣ. ಇಲ್ಲಿ ಹೊಸಬರು ಎಡವುವ ಸ್ಥಳವೊಂದಿದೆ. ಬ್ರಿಟಿಷ್ ವಿಮಾನಗಳ ಗುರುತಾದ ವೃತ್ತದ ನಡುವೆ ಕೆಂಪು ಇರುತ್ತದೆ. ಆದರೆ ಜಪಾನಿನ ವಿಮಾನಗಳ ಗುರುತು ಕೆಂಪು ಸೂರ್ಯನಾದ್ದರಿಂದ, ಅವಸರದಲ್ಲಿ ಕೆಂಪು ಕಂಡವರು ತಮ್ಮವರ ಮೇಲೆಯೇ ಗುಂಡು ಹಾರಿಸುವ ಅಪಾಯವಿತ್ತು. ಆದುದರಿಂದ 1943ರಲ್ಲಿ ಈ ರಂಗದ ವಿಮಾನಗಳಿಂದ ಕೆಂಪನ್ನು ತೆಗೆದುಹಾಕಿ, ಕಡುನೀಲಿಯ ನಡುವೆ ತಿಳಿನೀಲಿ ಇರುವ ಚಿಕ್ಕ ವೃತ್ತಗಳನ್ನು ಬರೆಯಲಾಯಿತು. ಇಂಫಾಲದ ಹರಿಕೇನ್‌ಗೆ ಕೆಂಪು ನಡುವಿನ ವೃತ್ತ ಅಂಟಿಸಿದರೆ ಉಳಿದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಆ ವಿಮಾನ ಇಂಫಾಲದ್ದಾಗುವುದಿಲ್ಲ.

ಬಣ್ಣ ಒಣಗಿದ ಮೇಲೆ ಹೊಳೆಯುವ ವಾರ್ನಿಷ್ ಹಾಕಿ, ಅದರ ಮೇಲೆ ಈ ವೃತ್ತ ಮತ್ತು ಅಕ್ಷರಗಳ ಡೆಕಾಲ್‌ಗಳನ್ನು ನೀರಿನಲ್ಲಿ ನೆನೆಸಿ ಅಂಟಿಸಬೇಕು. ಒರಟು ಮೈಯಲ್ಲಿ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಗೆ ಕಾಣುತ್ತದೆ. ಅದಕ್ಕಾಗಿಯೇ ಹೊಳಪಿನ ವಾರ್ನಿಷ್. ಡೆಕಾಲ್ ಒಣಗಿದ ಮೇಲೆ ಇನ್ನೊಂದು ತೆಳು ಪದರ ವಾರ್ನಿಷ್ ಎಳೆದರೆ ಅದಕ್ಕೂ ರಕ್ಷಣೆ.

ಇನ್ನು ವಿಮಾನದ ಮೈಯಲ್ಲಿರುವ ತಗಡಿನ ಕೀಲುಗಳ ಗೆರೆಗಳಿಗೆ ನೆರಳು ಕೊಡಬೇಕು. ಕಡುಕಂದು ತೈಲವರ್ಣವನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳುಮಾಡಿ ಕುಂಚದ ತುದಿಯಿಂದ ಗೆರೆಗೆ ಮುಟ್ಟಿಸಿದರೆ ಸಾಕು, ಬಣ್ಣ ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ. ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಬರುವ ಲೋಮನಾಳ ಕ್ರಿಯೆ ಎಂದರೆ ಇದೇ. ಕೆಳಗಿನ ಬಣ್ಣ ನೀರಿನಲ್ಲಿ ಕರಗುವ ಅಕ್ರಿಲಿಕ್ ಆಗಿದ್ದು ಮೇಲೆ ವಾರ್ನಿಷ್ ಇದ್ದರೆ ಟರ್ಪೆಂಟೈನ್ ಅದನ್ನು ಕೆಡಿಸುವುದಿಲ್ಲ. ಹೆಚ್ಚಾದುದನ್ನು ಒಣಬಟ್ಟೆಯಿಂದ ಒರೆಸಬೇಕು.

ಲೋಹ ಎಲ್ಲಿ, ಬಟ್ಟೆ ಎಲ್ಲಿ?

ಇಲ್ಲಿಂದ ಮುಂದೆ ಕೈಗಿಂತ ತಲೆಗೇ ಹೆಚ್ಚು ಕೆಲಸ. ಹಳೆಯ ವಿಮಾನವೆಂದರೆ ಅಲ್ಲಲ್ಲಿ ಬಣ್ಣ ಕಿತ್ತು ಒಳಗಿನ ಲೋಹ ಬೆಳ್ಳಗೆ ಹೊಳೆಯಬೇಕೆಂದು ತಿಳಿದು ಮೈತುಂಬಾ ಬೆಳ್ಳಿ ಚುಕ್ಕೆ ಇಡುವವರಿದ್ದಾರೆ. ಹರಿಕೇನ್‌ನ ಮಟ್ಟಿಗೆ ಇದು ದೊಡ್ಡ ಪ್ರಮಾದ. ಈ ವಿಮಾನದ ಮೂತಿ ಮತ್ತು ರೆಕ್ಕೆಗಳಿಗೆ ಲೋಹದ ಹೊದಿಕೆ ಇದ್ದರೂ, ಪೈಲಟ್‌ನ ಹಿಂದಿನಿಂದ ಬಾಲದವರೆಗಿನ ಒಡಲಿಗೆ ಹೊದಿಸಿದ್ದು ಬಟ್ಟೆ! ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಮರದ ರೀಪುಗಳನ್ನು ಕಟ್ಟಿ, ಅದರ ಮೇಲೆ ಲಿನನ್ ಬಟ್ಟೆಯನ್ನು ಬಿಗಿದು, ಡೋಪ್ ಎಂಬ ದ್ರವವನ್ನು ಬಳಿದು ಗಟ್ಟಿಮಾಡುತ್ತಿದ್ದರು. ಬಾಲದ ಚುಕ್ಕಾಣಿಗೂ ಬಟ್ಟೆಯೇ. ಬಟ್ಟೆಯನ್ನು ಎಷ್ಟು ಕೆರೆದರೂ ಅಲ್ಲಿ ಬೆಳ್ಳಿ ಹೊಳೆಯಲಾರದು. ಆ ಭಾಗಗಳಲ್ಲಿ ಬಿಸಿಲಿಗೆ ಮಾಸಿದ ಬಣ್ಣ, ಮಳೆಯ ನೀರು ಇಳಿದ ಗೆರೆ, ತೇಪೆ ಹಾಕಿದ ಜಾಗದ ಹೊಸಬಣ್ಣ ಇವು ಸರಿ. ಲೋಹದ ಹೊಳಪು ಸಲ್ಲದು. ಅನೇಕ ಹರಿಕೇನ್‌ಗಳ ಪ್ರೊಪೆಲ್ಲರಿನ ಅಲಗುಗಳೂ ಅದುಮಿ ಗಟ್ಟಿಮಾಡಿದ ಮರದವು. ಅವುಗಳ ಅಂಚಿಗೆ ಬೆಳ್ಳಿ ಹಚ್ಚುವ ಮುನ್ನವೂ ಯೋಚಿಸಬೇಕು.

ಹಾಗೆಯೇ ತುಕ್ಕಿನ ಮಾತು. ವಿಮಾನದ ಹೊರಮೈಯ ತಗಡು ಅಲ್ಯೂಮಿನಿಯಂ ಮಿಶ್ರಲೋಹ. ಅದಕ್ಕೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ತುಕ್ಕಿನ ಬಣ್ಣಕ್ಕೆ ನ್ಯಾಯವಾದ ಸ್ಥಳವೆಂದರೆ ಎಂಜಿನ್ನಿನ ಎರಡೂ ಬದಿಯಲ್ಲಿರುವ ಹೊಗೆಕೊಳವೆಗಳು. ಕೆಂಡದಂತೆ ಕಾದು ತಣಿಯುವ ಉಕ್ಕು ಅದು.

ಹಾಗಾದರೆ ಲೋಹ ಎಲ್ಲಿ ಕಾಣಬೇಕು? ಮನುಷ್ಯರು ತುಳಿಯುವಲ್ಲಿ, ಕೈಹಾಕುವಲ್ಲಿ. ಹರಿಕೇನ್‌ಗೆ ಪೈಲಟ್ ಹತ್ತುವುದು ಎಡಗಡೆಯಿಂದ. ಆದುದರಿಂದ ಎಡರೆಕ್ಕೆಯ ಬುಡದಲ್ಲಿ ಬೂಟಿನ ಸವಕಳಿ ಹೆಚ್ಚು. ಎಂಜಿನ್ನಿನ ಮುಚ್ಚಳಗಳನ್ನು ಮೆಕ್ಯಾನಿಕ್‌ಗಳು ದಿನಾಲೂ ಬಿಚ್ಚಿ ಹಾಕುವುದರಿಂದ ಅವುಗಳ ಅಂಚಿನಲ್ಲಿ, ತಿರುಪುಗಳ ಸುತ್ತ ಬಣ್ಣ ಕಿತ್ತಿರುತ್ತದೆ. ಪೆಟ್ರೋಲ್ ತುಂಬುವ ಬಾಯಿಯ ಸುತ್ತ ಚೆಲ್ಲಿದ ಗುರುತು ಇರುತ್ತದೆ. ಇದನ್ನು ತೋರಿಸುವ ಒಂದು ಉಪಾಯ ಹೀಗಿದೆ: ಆ ಜಾಗಕ್ಕೆ ಮೊದಲು ಅಲ್ಯೂಮಿನಿಯಂ ಬಣ್ಣ ಹಚ್ಚಿ ಒಣಗಿಸಿ, ಮೇಲೆ ತಲೆಗೂದಲಿಗೆ ಹಾಕುವ ಹೇರ್‌ಸ್ಪ್ರೇ ಸಿಂಪಡಿಸಿ, ಅದರ ಮೇಲೆ ಹಸಿರು ಕಂದು ಅಕ್ರಿಲಿಕ್ ಬಣ್ಣ ಹಾಕಬೇಕು. ಸ್ವಲ್ಪ ಹೊತ್ತಿನ ಬಳಿಕ ಒದ್ದೆ ಕುಂಚದಿಂದ ಮೆಲ್ಲಗೆ ಉಜ್ಜಿದರೆ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಚೂರುಚೂರಾಗಿ ಏಳುತ್ತದೆ. ಇಷ್ಟು ತೊಂದರೆ ಬೇಡವೆನ್ನುವವರಿಗೆ ಬೆಳ್ಳಿಬಣ್ಣದ ಪೆನ್ಸಿಲ್ ಅಥವಾ ಸ್ಪಂಜಿನ ಚೂರೇ ಸಾಕು.

ಭಾರತೀಯ ವಾಯುಪಡೆಯ ಮೊದಲ ತುಕಡಿ 1933ರ ಏಪ್ರಿಲ್ 1ರಂದು ಆರಂಭವಾದಾಗ ಈ ನೆಲದ ಕೆಲಸಗಾರರನ್ನು ‘ಹವಾಯಿ ಸಿಪಾಯಿ’ಗಳೆಂದು ಕರೆಯುತ್ತಿದ್ದರು. ಪೈಲಟ್‌ಗಳ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ರಾತ್ರಿಯಿಡೀ ಎಂಜಿನ್ ಬಿಚ್ಚಿ ಜೋಡಿಸಿದವರ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ರೆಕ್ಕೆಯ ಬುಡದಲ್ಲಿ ಸವೆದ ಬಣ್ಣದಲ್ಲಿ ಉಳಿದಿರುವುದು ಇವರ ಹೆಜ್ಜೆಯ ಗುರುತು.

ಗಾಳಿಯ ದಿಕ್ಕು, ನೆಲದ ದಿಕ್ಕು

ಕಲೆಗಳಿಗೆ ದಿಕ್ಕೂ ಇದೆ. ಹಾರುವಾಗ ಸೋರಿದ ಎಣ್ಣೆ ಗಾಳಿಯ ರಭಸಕ್ಕೆ ಮುಂದಿನಿಂದ ಹಿಂದಕ್ಕೆ ನೇರವಾಗಿ ಎಳೆಯಲ್ಪಡುತ್ತದೆ. ನಿಂತಾಗ ಬಿದ್ದ ಮಳೆಯ ನೀರು ಮಾತ್ರ ಭೂಮಿಯ ಕಡೆಗೆ ಇಳಿಯುತ್ತದೆ. ಹರಿಕೇನ್ ನೆಲದ ಮೇಲೆ ಬಾಲ ಊರಿ, ಮೂತಿ ಎತ್ತಿ ನಿಲ್ಲುವ ವಿಮಾನ. ಆದುದರಿಂದ ಮಳೆಯ ಗೆರೆಗಳು ಒಡಲಿನ ಮೇಲೆ ತುಸು ಓರೆಯಾಗಿ ಕಾಣಬೇಕು. ಮಾದರಿಯನ್ನು ಚಕ್ರಗಳ ಮೇಲೆ ನಿಲ್ಲಿಸಿಕೊಂಡೇ ಈ ಗೆರೆಗಳನ್ನು ಎಳೆದರೆ ದಿಕ್ಕು ತಪ್ಪುವುದಿಲ್ಲ.

ಹೊಗೆಯ ಕಲೆಯೂ ಬರೇ ಕಪ್ಪಲ್ಲ. ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋದಾಗ ಮಸಿ ಕಪ್ಪಾಗಿರುತ್ತದೆ. ದೂರದ ಹಾರಾಟದಲ್ಲಿ ಪೆಟ್ರೋಲನ್ನು ಮಿತಗೊಳಿಸಿದಾಗ, ಅಂದಿನ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದಿಂದಾಗಿ ಕಲೆ ತಿಳಿಬೂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪು, ಕಂದು, ಬೂದು ಬಣ್ಣದ ಚಿತ್ರಬಳಪಗಳನ್ನು ಬ್ಲೇಡಿನಿಂದ ಕೆರೆದು ಪುಡಿಮಾಡಿ, ಮೃದು ಕುಂಚದಿಂದ ಹೊಗೆಕೊಳವೆಯ ಹಿಂದಕ್ಕೆ ತೀಡಬೇಕು. ಈ ಪುಡಿ ಹೊಳಪಿನ ಮೈಗೆ ಹಿಡಿಯದು. ಆದುದರಿಂದ ಅದಕ್ಕೆ ಮೊದಲು ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹಾಕಿರಬೇಕು.

ಇನ್ನು ಮಣ್ಣು. ಇಲ್ಲಿ ತಾರೀಕನ್ನು ಗೊತ್ತುಮಾಡದೆ ಕೆಲಸ ಸಾಗದು. ನಿಮ್ಮ ವಿಮಾನ ಮಾರ್ಚ್ ತಿಂಗಳಿನದ್ದೋ, ಜುಲೈ ತಿಂಗಳಿನದ್ದೋ? ಮಾರ್ಚ್ ಆದರೆ ಒಣಧೂಳು ತೆಳುವಾಗಿ ಎಲ್ಲ ಕಡೆ ಕೂತಿರುತ್ತದೆ. ಮಳೆಗಾಲವಾದರೆ ಚಕ್ರದಿಂದ ಎರಚಿದ ಕೆಸರು ರೆಕ್ಕೆಯ ಕೆಳಮೈಗೆ, ಹೊಟ್ಟೆಯಡಿಯ ರೇಡಿಯೇಟರಿಗೆ, ಬಾಲದ ಚಕ್ರದ ಸುತ್ತಲಿಗೆ ಸಿಡಿದಿರುತ್ತದೆ. ರೆಕ್ಕೆಯ ಮೇಲ್ಭಾಗ ಮಳೆಗೆ ತೊಳೆದು ಸ್ವಚ್ಛವಾಗಿರುತ್ತದೆ. ಅಂಗಳದ ಮಣ್ಣನ್ನೇ ಜರಡಿ ಹಿಡಿದು ಬಳಸೋಣವೆಂದರೆ, ಕಾಸರಗೋಡಿನ ಮುರಕಲ್ಲಿನ ಕೆಂಧೂಳು ಇಂಫಾಲ ಕಣಿವೆಗೆ ಹೊಂದುವುದಿಲ್ಲ. ಅದು ಹೊಳೆಗಳು ತಂದು ತುಂಬಿದ ಜೇಡಿಮಣ್ಣಿನ ಬಯಲು. ಕಂದುಬೂದು ಬಣ್ಣವೇ ಅಲ್ಲಿಗೆ ಸರಿ.

ಇದನ್ನೆಲ್ಲ ಯಾವುದನ್ನು ನೋಡಿ ಮಾಡಬೇಕು? ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ಒಂದು ಹರಿಕೇನ್ ಇದೆ. ಆಕಾರ, ಕೀಲು, ಕೊಳವೆಗಳನ್ನು ತಿಳಿಯಲು ಅದು ಉತ್ತಮ. ಆದರೆ ಸಂಗ್ರಹಾಲಯದ ವಿಮಾನಕ್ಕೆ ಕಾಲಕಾಲಕ್ಕೆ ಹೊಸ ಬಣ್ಣ ಬೀಳುವುದು ಸಹಜ. ಸವಕಳಿಗೆ ಅದು ಸಾಕ್ಷಿಯಾಗದು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ ಬರ್ಮಾ ರಣರಂಗದ ಅಂದಿನ ಫೋಟೋಗಳಿವೆ. ಕಪ್ಪುಬಿಳುಪಾದರೂ ಯಾವ ಕಲೆ ಎಲ್ಲಿತ್ತೆಂಬುದನ್ನು ಅಂಥ ಫೋಟೋಗಳಷ್ಟು ನಿಜವಾಗಿ ಬೇರೆ ಯಾವುದೂ ಹೇಳದು.

ಬಂದೂಕಿನ ಹಿಂದಿನ ಮಸಿ

ಒಂದು ಕಲೆಯ ವಿಚಾರ ಮಾತ್ರ ಉಳಿಯಿತು. ಹರಿಕೇನ್ 2ಬಿ ಮಾದರಿಯ ರೆಕ್ಕೆಗಳಲ್ಲಿ 12 ಮೆಷಿನ್‌ಗನ್‌ಗಳು. 2ಸಿ ಮಾದರಿಯಲ್ಲಿ 20 ಮಿಲಿಮೀಟರಿನ ನಾಲ್ಕು ಫಿರಂಗಿಗಳು. ಮೆಷಿನ್‌ಗನ್‌ನ ಬಾಯಿಗೆ ಧೂಳು, ತೇವ ಹೋಗದಂತೆ ಬಟ್ಟೆಯ ತೇಪೆ ಅಂಟಿಸುತ್ತಿದ್ದರು. ಗುಂಡು ಹಾರಿದಾಗ ತೇಪೆ ಹರಿದು, ರೆಕ್ಕೆಯ ಮೇಲೆ ಮಸಿಯ ಗೆರೆಗಳು ಮೂಡುತ್ತಿದ್ದವು. ತೇಪೆ ಅಖಂಡವಾಗಿದ್ದು ಹಿಂದೆ ಮಸಿ ಇದ್ದರೆ ಅದು ಸುಳ್ಳು ಮಾದರಿ. ಮಸಿ ಬೇಕಾದರೆ ತೇಪೆ ಹರಿದಿರಲೇಬೇಕು, ಗುಂಡು ಹಾರಿರಲೇಬೇಕು.

ಹಾಗಾದರೆ ಆ ಗುಂಡು ಯಾರ ಮೇಲೆ ಹಾರಿತು? ಕಲೆಗೆ ಕಾರಣ ಕೇಳುವ ಅಭ್ಯಾಸ ಮಾಡಿಕೊಂಡವನು ಈ ಪ್ರಶ್ನೆಯನ್ನು ಬಿಟ್ಟು ಹೋಗಲಾರ. ಇಂಫಾಲ ಮತ್ತು ಕೊಹಿಮಾದ ಯುದ್ಧದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದ ಜಪಾನೀ ಸೈನಿಕರ ಸಂಖ್ಯೆ ಐವತ್ತು ಸಾವಿರವನ್ನು ಮೀರಿತು. ಅವರಲ್ಲಿ ಬಹಳಷ್ಟು ಮಂದಿಯನ್ನು ಕೊಂದದ್ದು ಹಸಿವು ಮತ್ತು ರೋಗ. ಅವರ ಜೊತೆಯಲ್ಲಿ ಸುಭಾಶ್ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಜವಾನರೂ ಇದ್ದರು. 1944ರ ಏಪ್ರಿಲ್ 14ರಂದು ಇಂಫಾಲದ ದಕ್ಷಿಣಕ್ಕಿರುವ ಮೊಯಿರಾಂಗ್‌ನಲ್ಲಿ ಅವರು ತಮ್ಮ ಧ್ವಜವನ್ನು ಹಾರಿಸಿದರು. ಆ ದಿನಗಳಲ್ಲಿ ಇಂಫಾಲದ ಮೇಲೆ ಹರಿಕೇನ್ ಹಾರಿಸುತ್ತಿದ್ದವನೂ ಭಾರತೀಯ, ಕೆಳಗಿನ ಕಾಡಿನಲ್ಲಿ ಬಂದೂಕು ಹಿಡಿದವರಲ್ಲೂ ಕೆಲವರು ಭಾರತೀಯರು. ಇಬ್ಬರೂ ತಮ್ಮ ದೇಶಕ್ಕಾಗಿಯೇ ಅಲ್ಲಿದ್ದೇವೆಂದು ನಂಬಿದ್ದರು. ಮೇಲಿನಿಂದ ನೋಡುವವನಿಗೆ ಮರಗಳ ಮರೆಯಲ್ಲಿದ್ದವರು ಯಾರೆಂದು ತಿಳಿಯುವುದು ಸುಲಭವಿರಲಾರದು.

ಇದನ್ನು ಹೇಳಿದ್ದು ಈ ಹವ್ಯಾಸದಿಂದ ಯಾರನ್ನೂ ಹಿಂದೆ ಸರಿಸಲಿಕ್ಕಲ್ಲ. ಫಳಫಳಿಸುವ ಆಟಿಕೆಯ ವಿಮಾನ ಯುದ್ಧವನ್ನು ಒಂದು ಚೆಂದದ ಮೆರವಣಿಗೆಯಂತೆ ತೋರಿಸುತ್ತದೆ. ಮನಬಂದಂತೆ ಮಸಿ ಬಳಿದ ಮಾದರಿ ಅದನ್ನು ಸಿನಿಮಾದಂತೆ ತೋರಿಸುತ್ತದೆ. ಪ್ರತಿಯೊಂದು ಕಲೆಯನ್ನೂ ಕಾರಣ ತಿಳಿದು ಹಾಕಿದ ಮಾದರಿಯಲ್ಲಿ ಬೂಟಿನ ಗುರುತಿನ ಮೆಕ್ಯಾನಿಕ್, ಮಳೆಯಲ್ಲಿ ನೆನೆದ ಬಟ್ಟೆಯ ಒಡಲು, ಮಸಿಯ ಹಿಂದಿನ ಸಾವು ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಇರುತ್ತವೆ. ಶಾಲೆಯ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸುವವರು ನೀರಿನ ಬಣ್ಣಗಳನ್ನೇ ಕೊಟ್ಟು, ಕಿಟಕಿಗಳನ್ನು ತೆರೆದಿಟ್ಟು, ಟರ್ಪೆಂಟೈನ್ ಮತ್ತು ಬ್ಲೇಡನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು.

ಆರಂಭಿಸುವವರು ಒಂದು ವಿಮಾನ, ಒಂದು ಸ್ಥಳ, ಒಂದು ತಿಂಗಳು ಎಂದು ಗೊತ್ತುಮಾಡಿಕೊಂಡು ಆರಂಭಿಸಲಿ. ಮುಗಿದ ಮೇಲೆ ಮನೆಯವರೋ ನೆರೆಯವರೋ ಬಂದು ಯಾವುದಾದರೊಂದು ಕಲೆಯ ಮೇಲೆ ಬೆರಳಿಟ್ಟು “ಇದು ಯಾಕೆ?” ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವನ ಕೆಲಸ ಸರಿಯಾಗಿದೆ ಎನ್ನಬಹುದು.